ಕತ್ತಿನೊಳಗಿನ ನಾಲ್ಕು ಕಾಳು

ಡೊಂಬಿವಲಿ ಎಂಐಡಿಸಿ
೧೬ ಜೂನ್ ೨೦೦೭

ಪ್ರೀತಿಯ ಲೋಲಕ್ಕನಿಗೆ,

ನಾವೆಲ್ಲ ಸೌಖ್ಯ ಎಂದು ಬರೆದೇ ಶುರು ಮಾಡಬೇಕೆಂದು ಕುಳಿತೆ, ಆಗಲಿಲ್ಲ. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿದರೆ ನಿನ್ನ ಕಾಮೋಠೆ ದೂರವಲ್ಲ. ಫೋನೂ ಇದೆ. ಆದರೂ ತಮ್ಮ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಿನಗೆ ಅನಿಸಬಹುದು. ನಮ್ಮ ಸಣ್ಣ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಪ್ರಣೀತಾಳ ಕಿವಿಗೆ ಬೀಳುತ್ತದೆ, ವಿಷಯವೂ ಅವಳದ್ದೇ. ಅದಕ್ಕೇ ಪಾಳಿ ಮುಗಿದ ಮೇಲೆ ಕಾರ್ಖಾನೆಯ ಸೂಪರ್‌ವೈಸರ್ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಮಗಳಿಗೆ ಹದಿನೈದು ತುಂಬಿತು, ಈ ವರ್ಷ ಹತ್ತನೆಯ ತರಗತಿ. ಖೋಖೋದಲ್ಲಿ ಇಡೀ ಶಾಲೆಗೆ ಮುಂದಿದ್ದ ಹುಡುಗಿ ಈಗ ಶಾಲೆಯಿಂದ ಬಂದವಳೇ ಮಲಗುತ್ತಾಳೆ. ಕಾಲು ನೋವು, ಹೊಟ್ಟೆ ನೋವು, ದಿನಕ್ಕೊಂದು. ಕನ್ನಡ ಸಂಘದ ನೃತ್ಯದಿಂದಲೂ ಹೆಸರು ತೆಗೆಸಿದಳು. ಕೊಡಗಟ್ಟಲೆ ನೀರು ಕುಡಿಯುತ್ತಾಳೆ, ಮತ್ತೆ ಮತ್ತೆ ಬಚ್ಚಲಿಗೆ ಓಡುತ್ತಾಳೆ. ಓದು ಎಂದರೆ ಅಳು. ಹೆತ್ತ ತಾಯಿ ಪುಷ್ಪಾಳೇ ಹೇಳುವುದು, ಇದು ಬರೀ ಸೋಮಾರಿತನ, ಪರೀಕ್ಷೆಯ ನೆವ ಎಂದು. ನನಗೂ ಹಾಗೇ ಕಾಣುತ್ತದೆ.

ಹೇಳಲು ನಾಚಿಕೆಯಾಗುವ ವಿಷಯ ಬೇರೆ. ಕಳೆದ ವಾರ ತರಗತಿಯಲ್ಲಿ ಟೀಚರು ಹೊರಗೆ ಬಿಡಲಿಲ್ಲವಂತೆ. ಇವಳು ಕುಳಿತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಳು. ಹದಿನೈದರ ಹುಡುಗಿ, ಹುಡುಗರೂ ಇರುವ ತರಗತಿ. ಪುಷ್ಪಾ ಹೋಗಿ ಕರೆತಂದಳು. ಬಿಲ್ಡಿಂಗಿನಲ್ಲಿ ಅದೇ ಶಾಲೆಯ ಮಕ್ಕಳು ಇದ್ದಾರೆ, ಎಲ್ಲರಿಗೂ ಗೊತ್ತಾಗಿದೆ. ಮೆಟ್ಟಿಲಲ್ಲಿ ಯಾರಾದರೂ ಸಿಕ್ಕಿದರೆ ನಾನೇ ತಲೆ ತಗ್ಗಿಸಿ ಹೋಗುವಂತಾಗಿದೆ. ಸ್ವಲ್ಪ ಗದರಿಸಿದೆ.

ನಮ್ಮ ಡಾಕ್ಟರರು ಬೆಳೆಯುವ ವಯಸ್ಸು, ಎಲುಬಿಗೆ ಕ್ಯಾಲ್ಸಿಯಂ ಸಾಲದು ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಹಾಲನ್ನೂ ಜಾಸ್ತಿ ಕೊಡುತ್ತಿದ್ದೇವೆ. ಅವಳನ್ನು ಒಂದು ತಿಂಗಳು ನಿನ್ನಲ್ಲಿ ಇಟ್ಟುಕೊಳ್ಳಲು ಆದೀತೇ? ನಿನ್ನ ಶರ್ಮಿಳಾ ಅಂದರೆ ಅವಳಿಗೆ ಪ್ರಾಣ. ಅವಳು ಹೇಳಿದರೆ ಓದುತ್ತಾಳೆ. ಇಲ್ಲಿನ ಬಾಯಿಗಳಿಂದ ದೂರವೂ ಆದ ಹಾಗಾಯಿತು.

ಬಾವನಿಗೆ ನಮಸ್ಕಾರ.

ನಿನ್ನ ತಮ್ಮ
ವಸಂತಕುಮಾರ

*

ಕಾಮೋಠೆ
೨ ಜುಲೈ ೨೦೦೭

ಪ್ರೀತಿಯ ವಸಂತನಿಗೆ,

ಕಾಗದ ಓದಿದೆ. ಹೆಣ್ಣುಮಕ್ಕಳಿಗೆ ಆ ವಯಸ್ಸಿನಲ್ಲಿ ನೂರು ತರದ್ದು ಇರುತ್ತದೆ, ನೀನು ಗಂಡಸು, ನಿನಗೆ ತಿಳಿಯುವುದಿಲ್ಲ. ರಾಗಿ ಮಾಲ್ಟ್ ಕೊಡಿ, ಬೆಳಗ್ಗಿನ ಬಿಸಿಲಿನಲ್ಲಿ ನಡೆಸಿ. ಗದರಿಸಬೇಡ. ಪುಷ್ಪಾವತಿಗೂ ಹೇಳು.

ಅವಳನ್ನು ಈಗ ಇಟ್ಟುಕೊಳ್ಳುವ ಹಾಗಿಲ್ಲ ಮಾರಾಯ. ಒಂದು ಹಳೇ ಹರಕೆ ಬಾಕಿ ಇತ್ತು, ನಾನೂ ಶರ್ಮಿಳಾಳೂ ಕೊಲ್ಲೂರಿಗೆ ಹೊರಟಿದ್ದೇವೆ. ಅಲ್ಲಿಂದ ಊರಲ್ಲಿ ಕೆಲವು ದಿನ. ಬಂದ ಮೇಲೆ ಶರ್ಮಿಳಾಳ ಸಂಬಂಧದ ಓಡಾಟ. ಹುಡುಗ ಸುಜನ್, ಠಾಣೆಯವರು, ನಮ್ಮ ಕಡೆಯವರೇ, ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಅವನ ತಾಯಿ ಬಹಳ ವಿಚಾರಿಸುವ ಹೆಂಗಸು. ಬಂದು ಹೋಗುವ ಹೊತ್ತಿಗೆ ಮನೆಯಲ್ಲಿ ಹುಷಾರಿಲ್ಲದ ಹುಡುಗಿ ಮಲಗಿದ್ದರೆ ನೂರು ಪ್ರಶ್ನೆ ಬರುತ್ತದೆ. ತಪ್ಪು ತಿಳಿಯಬೇಡ.

ನನಗೆ ಗಂಟಲು ಸರಿ ಇಲ್ಲ, ಮಾತಾಡಿದರೆ ಸ್ವರ ಒಡೆಯುತ್ತದೆ. ಸ್ವಲ್ಪ ದಿನ ಫೋನು ಮಾಡಬೇಡ.

ಪ್ರಣೀತಾಳಿಗೆ ಅತ್ತೆಯ ಆಶೀರ್ವಾದ ಹೇಳು.

ಅಕ್ಕ
ಲೋಲಾಕ್ಷಿ

*

ಡೊಂಬಿವಲಿ
೨೦ ಸೆಪ್ಟೆಂಬರ್ ೨೦೦೭

ಅಕ್ಕ,

ಚೌತಿಗೆ ನೀವು ಬರಲಿಲ್ಲ, ನಾನೂ ಕರೆಯುವ ಸ್ಥಿತಿಯಲ್ಲಿರಲಿಲ್ಲ. ಕ್ರಮವಾಗಿ ಹೇಳುತ್ತೇನೆ.

ಆಗಸ್ಟಿನಲ್ಲಿ ಪ್ರಣೀತಾ ಕಲ್ಯಾಣ ಸ್ಟೇಷನ್ನಿನಲ್ಲಿ ಬಿದ್ದಳು. ಬಿದ್ದದ್ದು ಎಂದರೆ ದೊಡ್ಡದೇನಲ್ಲ. ಸೇತುವೆಯ ಕೊನೆಯ ಮೆಟ್ಟಿಲು ತಪ್ಪಿ ಕೈ ಊರಿದ್ದಳು. ಕೈ ಮುರಿಯಿತು. ಅಲ್ಲಿನ ಎಲುಬಿನ ಡಾಕ್ಟರರು ಎಕ್ಸ್‌ರೇ ಎತ್ತಿ ಹಿಡಿದು ನೋಡಿದವರು ಅದರ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದರು. ಆಮೇಲೆ ಕೇಳಿದರು, "ಇದು ನಿಮ್ಮ ತಾಯಿಯವರ ಎಕ್ಸ್‌ರೇ ಅಲ್ಲ ತಾನೇ?" ಎಲುಬು ಅಷ್ಟು ತೆಳ್ಳಗಾಗಿತ್ತು.

ರಕ್ತ ಪರೀಕ್ಷೆ ಮಾಡಿಸಿದರು. ಕ್ಯಾಲ್ಸಿಯಂ ಕಡಿಮೆ ಇದ್ದೀತು ಎಂದುಕೊಂಡರೆ ವಿಪರೀತ ಹೆಚ್ಚು. ಹೊಟ್ಟೆ ಸ್ಕ್ಯಾನ್ ಮಾಡಿದರೆ ಮೂತ್ರಪಿಂಡದಲ್ಲಿ ಕಲ್ಲು. ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಕಾಯಿಲೆಯ ಹೆಸರು ನಾನು ಕೇಳಿದ್ದೇ ಮೊದಲು. ಕತ್ತಿನಲ್ಲಿ ಥೈರಾಯ್ಡಿನ ಹಿಂದೆ ತೊಗರಿಕಾಳಿಗಿಂತ ಸಣ್ಣ ನಾಲ್ಕು ಗ್ರಂಥಿಗಳಿವೆಯಂತೆ, ಪ್ಯಾರಾಥೈರಾಯ್ಡ್ ಎಂದು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂದು ನೋಡಿಕೊಳ್ಳುವುದು ಅವುಗಳ ಕೆಲಸ. ಅದರಲ್ಲೊಂದು ಕೊಬ್ಬಿ ಹುಚ್ಚು ಹಿಡಿದ ಹಾಗೆ ಕೆಲಸ ಮಾಡುತ್ತಿದೆ, ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರಿಯುತ್ತಿದೆ. ಅದಕ್ಕೇ ಆ ನೋವು, ಆ ಬಾಯಾರಿಕೆ, ಆ ಸುಸ್ತು. ಓದಿದ್ದು ತಲೆಗೆ ಹತ್ತದಿರುವುದೂ ಅದಕ್ಕೇ. ತರಗತಿಯಲ್ಲಿ ಆದದ್ದೂ ಅದಕ್ಕೇ. ಅದರ ಮೇಲೆ ನಾವು ಮಾತ್ರೆ, ಹಾಲು, ರಾಗಿ ಎಂದು ಇನ್ನಷ್ಟು ಕ್ಯಾಲ್ಸಿಯಂ ತುರುಕುತ್ತಿದ್ದೆವು.

ಡಾಕ್ಟರರು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ದೊಡ್ಡವರಲ್ಲಿ ಇದು ಎಷ್ಟೋ ಸಲ ಬೇರೇನಕ್ಕೋ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಸುಮ್ಮನೆ ಸಿಕ್ಕಿಬಿಡುತ್ತದಂತೆ. ಅವರಿಗೆ ಏನೂ ಆಗಿರುವುದಿಲ್ಲ. ಈ ವಯಸ್ಸಿನವರಲ್ಲಿ ಬರುವುದೇ ಅಪರೂಪ. ಹಾಗಾಗಿ ಯಾರೂ ಹುಡುಕುವುದಿಲ್ಲ. ಸಿಗುವ ಹೊತ್ತಿಗೆ ಎಲುಬಿಗೋ ಮೂತ್ರಪಿಂಡಕ್ಕೋ ಏಟು ಬಿದ್ದಿರುತ್ತದೆ. "ಇಂಥ ಮಕ್ಕಳನ್ನು ಎಲ್ಲರೂ ಸೋಮಾರಿ ಅಂತಾರೆ" ಎಂದರು.

ಜೂನಿನಲ್ಲಿ ನಿನಗೆ ಸ್ವಲ್ಪ ಗದರಿಸಿದೆ ಎಂದು ಬರೆದಿದ್ದೆ. ಗದರಿಸಿದ್ದಲ್ಲ ಅಕ್ಕ. ಬೆಲ್ಟಿನಿಂದ ಹೊಡೆದಿದ್ದೆ. ನೋವು ಎಂದು ತೋರಿಸಿದ ಕಾಲಿಗೇ ಹೊಡೆದಿದ್ದೆ. "ಪಪ್ಪಾ, ಖರಂಚ ದುಖತಂಯ" ಎಂದಿದ್ದಳು, ನಿಜವಾಗಿಯೂ ನೋಯುತ್ತಿದೆ ಎಂದು. ಮರಾಠಿಯಲ್ಲಿ ಎದುರು ಮಾತಾಡುತ್ತಾಳೆ ಎಂದು ಅದಕ್ಕೂ ಒಂದು ಕೊಟ್ಟಿದ್ದೆ.

ಈಗ ನಿನ್ನಿಂದ ಒಂದು ತಿಳಿಯಬೇಕು. ಆಪರೇಷನ್ ಮಾಡಿ ಆ ಗ್ರಂಥಿ ತೆಗೆಯುತ್ತಾರೆ. ಮೊದಲು ಡಾಕ್ಟರರು ಕೇಳಿದ್ದು, ಮನೆತನದಲ್ಲಿ ಯಾರಿಗಾದರೂ ಇದು ಇತ್ತೇ, ಕತ್ತಿನ ಆಪರೇಷನ್ ಆಗಿತ್ತೇ, ಕಲ್ಲು ಇತ್ತೇ ಎಂದು. ಒಬ್ಬರಿಗೇ ಬಂದದ್ದಾದರೆ ಸಾಧಾರಣ ಒಂದೇ ಗ್ರಂಥಿ ಕೆಟ್ಟಿರುತ್ತದೆ, ಅದನ್ನು ತೆಗೆದರೆ ಮುಗಿಯಿತು. ಮನೆತನದಲ್ಲಿ ಹರಿದು ಬಂದದ್ದಾದರೆ ನಾಲ್ಕನ್ನೂ ಬಿಡಿಸಿ ನೋಡಬೇಕಂತೆ. ಅಪ್ಪನಿಗೆ ಕಲ್ಲಿನ ನೋವು ಬರುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ನೀನು ದೊಡ್ಡವಳು, ನಿನಗೆ ಹೆಚ್ಚು ಗೊತ್ತು. ನಿನಗೆ ಏನಾದರೂ? ಊರಲ್ಲಿ ಬೇರೆ ಯಾರಿಗಾದರೂ? ಬೇಗ ಬರೆ.

ವಸಂತ

*

ಕಾಮೋಠೆ
೧ ಅಕ್ಟೋಬರ್ ೨೦೦೭

ಪ್ರೀತಿಯ ವಸಂತ,

ಕಾಗದ ಎರಡು ಸಲ ಓದಿದೆ. ದೇವರು ದೊಡ್ಡವನು, ಮಗು ಗುಣವಾಗುತ್ತಾಳೆ.

ನೀನು ಕೇಳಿದ್ದಕ್ಕೆ: ನಮ್ಮ ಮನೆಯಲ್ಲಿ ಯಾರಿಗೂ ಅಂಥದ್ದು ಇಲ್ಲ. ಅಪ್ಪ ಇಡೀ ಜೀವಮಾನ ಹೋಟೆಲಿನ ಒಲೆಯ ಮುಂದೆ ನಿಂತವರು, ಬೆವರು ಸುರಿದು ನೀರು ಕುಡಿಯದೆ ಕಲ್ಲು ಬಂದದ್ದು. ಹೋಟೆಲಿನವರಿಗೆ ಅದು ಇದ್ದದ್ದೇ. ಡಾಕ್ಟರರಿಗೆ ಇಲ್ಲ ಎಂದೇ ಹೇಳು.

ಶರ್ಮಿಳಾಳ ನಿಶ್ಚಿತಾರ್ಥ ನವೆಂಬರ್ ಹನ್ನೊಂದಕ್ಕೆ, ಠಾಣೆಯಲ್ಲಿ. ಮದುವೆ ಏಪ್ರಿಲಿನಲ್ಲಿ. ಸೋದರಮಾವ ನೀನು ಮುಂದೆ ನಿಲ್ಲಬೇಕು. ಒಂದು ಮಾತು. ಸುಜನನ ಮನೆಯವರು ಯಾರಾದರೂ ಸಿಕ್ಕಿ ಪ್ರಣೀತಾಳ ವಿಷಯ ಕೇಳಿದರೆ ಬಿದ್ದು ಕೈ ಮುರಿದಿದೆ ಎಂದಷ್ಟೇ ಹೇಳು. ಅದು ಸುಳ್ಳೂ ಅಲ್ಲವಲ್ಲ.

ಅಕ್ಕ

*

ಡೊಂಬಿವಲಿ
೧೮ ನವೆಂಬರ್ ೨೦೦೭

ಪ್ರೀತಿಯ ಲೋಲಕ್ಕನಿಗೆ,

ನಿಶ್ಚಿತಾರ್ಥಕ್ಕೆ ಬರಲಾಗಲಿಲ್ಲ, ಬೇಸರ ಮಾಡಬೇಡ. ಅದೇ ವಾರ ಆಪರೇಷನ್ ಆಯಿತು. ಬಾವನಿಗೆ ಫೋನು ಮಾಡಿದ್ದೆ, ಹೇಳಿರಬಹುದು.

ಎಲ್ಲ ಚೆನ್ನಾಗಿ ಆಯಿತು. ಸ್ಕ್ಯಾನಿನಲ್ಲಿ ಕಂಡ ಒಂದು ಗ್ರಂಥಿಯನ್ನು ಸಣ್ಣ ಗಾಯದಲ್ಲೇ ತೆಗೆದರು. ಮನೆತನದಲ್ಲಿ ಇಲ್ಲ ಎಂದು ನಾನು ಖಚಿತವಾಗಿ ಹೇಳಿದ್ದರಿಂದ ಉಳಿದದ್ದನ್ನು ಕೆದಕಲು ಹೋಗಲಿಲ್ಲವಂತೆ. ನೀನು ತಡ ಮಾಡದೆ ಸ್ಪಷ್ಟವಾಗಿ ಬರೆದದ್ದು ಎಷ್ಟು ಉಪಕಾರವಾಯಿತು ನೋಡು.

ಮರುದಿನ ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ ಎಂದಳು. ನಾನು ಹೆದರಿದೆ. ಕ್ಯಾಲ್ಸಿಯಂ ಇಳಿಯುತ್ತಿರುವ ಲಕ್ಷಣ, ಹಸಿದ ಎಲುಬು ಎಳೆದುಕೊಳ್ಳುತ್ತಿದೆ ಎಂದು ನರ್ಸು ನಕ್ಕಳು. ಪುಷ್ಪಾ ಮೂರು ತಿಂಗಳ ಮೇಲೆ ನಕ್ಕಿದ್ದು ಅವತ್ತು.

ಪ್ರಣೀತಾ ಬಾಗಿಲಿನ ಕಡೆಗೇ ನೋಡುತ್ತಿದ್ದಳು. "ಅತ್ತೆ ಬರ್ತಾರಾ?" ಎಂದು ಎರಡು ಸಲ ಕೇಳಿದಳು. ನಿಶ್ಚಿತಾರ್ಥದ ಗಡಿಬಿಡಿ, ಬರ್ಲಿಕ್ಕೆ ಆಗ್ಲಿಕ್ಕಿಲ್ಲ ಎಂದೆ. ಮತ್ತೆ ಕೇಳಲಿಲ್ಲ.

ವಸಂತ

*

ಕಾಮೋಠೆ
೯ ಡಿಸೆಂಬರ್ ೨೦೦೭

ವಸಂತ,

ಸಂತೋಷ. ಬರಬೇಕೆಂದೇ ಇದ್ದೆ, ಮಂಡಿ ನೋವು, ಮೇಲೆ ಸೀರೆ ತೆಗೆಯುವ ಓಡಾಟ.

ಆಪರೇಷನ್ ಆದ ಮೇಲೆ ರಕ್ತವನ್ನು ಇನ್ನೊಮ್ಮೆ ನೋಡಿದ್ದಾರೆಯೇ? ಒಂದು ಸಲ ಸರಿ ಬಂತು ಎಂದು ಬಿಡಬಾರದು. ತಿಂಗಳು ತಿಂಗಳು ಮಾಡಿಸು. ಉಳಿದ ಮೂರನ್ನೂ ಒಮ್ಮೆ ನೋಡಬಹುದಿತ್ತೋ ಏನೋ. ನನಗೇನೂ ತಿಳಿಯುವುದಿಲ್ಲ, ಸುಮ್ಮನೆ ಅನಿಸಿತು.

ಅಕ್ಕ

*

ಡೊಂಬಿವಲಿ
೧೭ ಫೆಬ್ರವರಿ ೨೦೦೮

ಅಕ್ಕ,

ನಿನ್ನ ಡಿಸೆಂಬರಿನ ಕಾಗದ ಓದಿ, ಅಕ್ಕ ಎಷ್ಟೆಲ್ಲ ತಿಳಿದುಕೊಂಡಿದ್ದಾಳೆ ಎಂದು ಪುಷ್ಪಾಳಿಗೆ ಹೇಳಿದ್ದೆ. ನೀನು ಹೆದರಿದ್ದೇ ಆಯಿತು. ಜನವರಿಯಲ್ಲಿ ಕ್ಯಾಲ್ಸಿಯಂ ಮತ್ತೆ ಏರಿದೆ. ಈಗ ಊಟ ನಿಲ್ಲುವುದಿಲ್ಲ, ವಾಂತಿ. ಮಾರ್ಚಿನ ಪರೀಕ್ಷೆಗೆ ಕೂರುವುದು ಬೇಡ ಎಂದು ನಾವೇ ತೀರ್ಮಾನಿಸಿದೆವು. ಅವಳು ಪುಸ್ತಕಗಳನ್ನೆಲ್ಲ ಜೋಡಿಸಿ ಮಂಚದ ಕೆಳಗೆ ತಳ್ಳಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಡಾಕ್ಟರರಿಗೆ ಈಗ ಒಂದಕ್ಕಿಂತ ಹೆಚ್ಚು ಗ್ರಂಥಿ ಕೆಟ್ಟಿದೆ ಎಂಬ ಅನುಮಾನ. "ಮನೆತನದಲ್ಲಿ ಇಲ್ಲ ಅಂದ್ರಲ್ಲ?" ಎಂದು ಮತ್ತೆ ಕೇಳಿದರು. ಇಲ್ಲ ಎಂದೆ. ಆದರೂ ನನ್ನದೂ ಪುಷ್ಪಾಳದೂ ರಕ್ತ ತೆಗೆಸಿದರು.

ನನ್ನ ಕ್ಯಾಲ್ಸಿಯಂ ಜಾಸ್ತಿ ಇದೆ, ಅಕ್ಕ. ಆ ಗ್ರಂಥಿಯ ಹಾರ್ಮೋನೂ ಜಾಸ್ತಿ. ಅದೇ ಕಾಯಿಲೆ. ನನಗೆ ಒಂದು ದಿನ ತಲೆನೋವೂ ಬಂದದ್ದಿಲ್ಲ. ರಾತ್ರಿ ಪಾಳಿ, ಹಗಲು ಪಾಳಿ, ಎಲ್ಲ ಮಾಡಿಕೊಂಡು ಗಟ್ಟಿಯಾಗಿದ್ದೇನೆ. ನಿಮಗೆ ಅವಸರವಿಲ್ಲ, ನೋಡಿಕೊಂಡು ತೆಗೆಯೋಣ ಎಂದರು. ನಾನು ಇದನ್ನು ಹೊತ್ತು ಆರಾಮಾಗಿ ತಿರುಗಿದೆ, ಅವಳ ಎಲುಬನ್ನು ಅದು ತಿಂದಿತು. ನನ್ನಿಂದ ಹೋದ ಕಾಯಿಲೆಗೆ ಅವಳನ್ನು ಬೆಲ್ಟಿನಿಂದ ಹೊಡೆದೆ. ಅವಳ ಮುಖ ನೋಡಲು ಆಗುತ್ತಿಲ್ಲ. ತಟ್ಟೆ ಹಿಡಿದುಕೊಂಡು ಬೇರೆ ಕೋಣೆಗೆ ಹೋಗಿ ಉಣ್ಣುತ್ತೇನೆ.

ಅಪ್ಪನ ಕಲ್ಲು ಒಲೆಯ ಬಿಸಿಗೆ ಬಂದದ್ದಲ್ಲ ಎಂದು ಈಗ ಗೊತ್ತಾಯಿತು. ನೀನೂ ಶರ್ಮಿಳಾಳೂ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ. ನಿನಗೇನೂ ಅನಿಸದಿದ್ದರೂ ಮಾಡಿಸು. ಪ್ರಣೀತಾಳ ಎರಡನೆಯ ಆಪರೇಷನ್ ಮಾರ್ಚ್ ಕೊನೆಗೆ.

ವಸಂತ

*

ಡೊಂಬಿವಲಿ
೧೦ ಮಾರ್ಚ್ ೨೦೦೮

ಲೋಲಾಕ್ಷಿಯವರಿಗೆ,

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಈಗ ಬೇಕಾಗಿಯೂ ಇಲ್ಲ.

ನಿನ್ನೆ ಶರ್ಮಿಳಾ ಒಬ್ಬಳೇ ಬಂದಿದ್ದಳು. ಪ್ರಣೀತಾ ಮಾತ್ರೆಯ ಮಂಪರಿನಲ್ಲಿ ಒಳಗೆ ನಿದ್ದೆ ಹೋಗಿದ್ದಳು. ಚಪ್ಪಲಿ ಕಳಚಿ ಒಳಗೆ ಬಂದವಳು ಕುಳಿತುಕೊಳ್ಳಲೇ ಇಲ್ಲ. "ಮಾವ, ನಾನೂ ಅಮ್ಮನೂ ಜುಲೈಯಲ್ಲಿ ಕೊಲ್ಲೂರಿಗೆ ಹೋದದ್ದಲ್ಲ" ಎಂದಳು. "ಅಮ್ಮನಿಗೆ ವಾಶಿಯ ಆಸ್ಪತ್ರೆಯಲ್ಲಿ ಕುತ್ತಿಗೆ ಆಪರೇಷನ್ ಆಯ್ತು. ಇದೇ. ಪ್ರಣೀತಾಳದ್ದೇ. ಅವಳಿಗೂ ಇದೇ ಅಂತ ನನಗೆ ಗೊತ್ತಿರ್ಲಿಲ್ಲ. ಕೈ ಮುರಿದದ್ದು, ಮತ್ತೆಂಥದೋ ಗಡ್ಡೆ ಅಂತ ಅಮ್ಮ ಹೇಳಿದ್ರು. ನಿಮ್ಮ ಕಾಗದ ಬಂದ ದಿನ ಅಮ್ಮ ಊಟ ಮಾಡ್ಲಿಲ್ಲ. ಎಂತದು ಅಂತ ಕೇಳಿ ಕೇಳಿ ಕೊನೆಗೆ ಬಾಯಿ ಬಿಡಿಸಿದೆ."

ಪುಷ್ಪಾ ಕೇಳಿಸಿಕೊಂಡಳು. ಒಂದೇ ಪ್ರಶ್ನೆ ಕೇಳಿದಳು: "ಡಾಕ್ಟ್ರು ನಿಮ್ಮಮ್ಮನಿಗೆ ತಮ್ಮನಿಗೆ ಹೇಳಿ ಅಂತ ಹೇಳಿರ್ಲಿಲ್ವಾ?" ಶರ್ಮಿಳಾ ತಲೆ ತಗ್ಗಿಸಿ, "ಹೇಳಿದ್ರು, ಅತ್ತೆ. ನಾನು ಪಕ್ಕದಲ್ಲೇ ಇದ್ದೆ. ಅಮ್ಮ ನಿಮಗೆ ಹೇಳಿದ್ದಾರೆ ಅಂತ ಗ್ರಹಿಸಿದ್ದೆ" ಎಂದಳು. ಪುಷ್ಪಾ ಒಳಗೆ ಹೋದಳು.

ಪ್ರಣೀತಾಳ ಕತ್ತನ್ನು ಇನ್ನೊಮ್ಮೆ ಕೊಯ್ಯಬೇಕು. ಒಮ್ಮೆ ಮುಟ್ಟಿದ ಜಾಗ, ಈ ಸಲ ಕಷ್ಟ, ಸ್ವರದ ನರಕ್ಕೆ ಏಟು ಬೀಳಬಹುದು ಎಂದಿದ್ದಾರೆ. ಮೊದಲೇ ಗೊತ್ತಿದ್ದರೆ ಒಂದೇ ಸಲಕ್ಕೆ ನಾಲ್ಕನ್ನೂ ನೋಡುತ್ತಿದ್ದರು. ನಾನು ಕೇಳಿದ್ದೆ. ಕಾಯಿಲೆಯ ಹೆಸರು ಹೇಳಿಯೇ ಕೇಳಿದ್ದೆ.

ಮಗಳನ್ನು ಹೊಡೆದ ನಾನು ನಿಮ್ಮನ್ನು ಬೈಯುವ ಯೋಗ್ಯತೆ ಇಟ್ಟುಕೊಂಡಿಲ್ಲ. ಆದರೆ ಮದುವೆಯ ಮಂಟಪದಲ್ಲಿ ಮಾವನಾಗಿ ನಿಲ್ಲಲು ನನ್ನಿಂದಾಗದು. ಶರ್ಮಿಳಾಳಿಗೂ ಹೇಳಿದೆ. ಅವಳು "ನಿಲ್ಲಬೇಡಿ ಮಾವ" ಎಂದಳು.

ವಸಂತಕುಮಾರ

*

ಕಾಮೋಠೆ
೨೩ ಮಾರ್ಚ್ ೨೦೦೮

ವಸಂತ,

ಹರಿದು ಹಾಕುವುದಾದರೆ ಹಾಕು. ನಾನು ಬರೆಯುತ್ತೇನೆ.

ಕಳೆದ ಮೇ ತಿಂಗಳಲ್ಲಿ ನಿನ್ನ ಬಾವನ ಆಫೀಸಿನವರು ಮನೆಯವರಿಗೆಲ್ಲ ತಪಾಸಣೆ ಮಾಡಿಸಿದರು. ಅದರಲ್ಲಿ ಸಿಕ್ಕಿತು. ನನಗೂ ನಿನ್ನ ಹಾಗೆ ಏನೂ ಆಗಿರಲಿಲ್ಲ. ಐವತ್ತರ ಒಳಗಿನವರು, ತೆಗೆಸಿಬಿಡುವುದು ಒಳ್ಳೆಯದು ಎಂದರು. ಒಡಹುಟ್ಟಿದವರಿಗೂ ಮಕ್ಕಳಿಗೂ ಹೇಳಿ, ರಕ್ತ ನೋಡಿಸಿ ಎಂದೂ ಹೇಳಿದರು. ಹೇಳಬೇಕೆಂದೇ ಇದ್ದೆ.

ಆ ವಾರವೇ ಸುಜನನ ತಾಯಿ ಶರ್ಮಿಳಾಳನ್ನು ನೋಡಲು ಬಂದರು. ಚಾ ಕುಡಿಯುತ್ತ ಕೇಳಿದರು, "ನಿಮ್ಮಲ್ಲಿ ಮನೆತನದಲ್ಲಿ ಬರುವ ಕಾಯಿಲೆ ಎಂತದಾದ್ರೂ ಉಂಟಾ?" ಅವರ ದೊಡ್ಡ ಮಗನಿಗೆ ಎಲ್ಲೋ ಹೀಗೆ ಮೋಸವಾಗಿತ್ತಂತೆ. ನಾನು ಇಲ್ಲ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂತು. ಹೇಳಿದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಾಯಿತು. ನಿನಗೆ ಹೇಳಿದರೆ ಪುಷ್ಪಾವತಿಗೆ ಗೊತ್ತಾಗುತ್ತದೆ, ಅವಳಿಂದ ಸಂಘದವರಿಗೆ, ಅಲ್ಲಿಂದ ಠಾಣೆಗೆ. ಹಾಗೆ ಲೆಕ್ಕ ಹಾಕಿದೆ.

ಜೂನಿನಲ್ಲಿ ನೀನು ಪ್ರಣೀತಾಳ ವಿಷಯ ಬರೆದಾಗ ನನಗೆ ಹೊಳೆಯಲಿಲ್ಲ. ಇದನ್ನು ನಂಬು. ನನಗೆ ಒಂದು ಚೂರೂ ನೋವಿರಲಿಲ್ಲ. ಅವಳು ಅಷ್ಟು ನರಳುತ್ತಿದ್ದಳು. ಎರಡಕ್ಕೂ ಹೆಸರು ಒಂದೇ ಇದ್ದೀತು ಎಂದು ಹೇಗೆ ತಿಳಿಯಲಿ? ಸೆಪ್ಟೆಂಬರಿನ ಕಾಗದ ಬಂದ ಮೇಲೆ ಮಾತ್ರ ಆ ನೆವ ಇಲ್ಲ. ಆಗ ಗೊತ್ತಿತ್ತು. ಗೊತ್ತಿದ್ದೇ ಇಲ್ಲ ಎಂದು ಬರೆದೆ. ನನ್ನದು ಒಂದೇ ಗ್ರಂಥಿ, ತೆಗೆದರು, ಸರಿಯಾಯಿತು, ಅವಳದೂ ಹಾಗೇ ಆದೀತು ಎಂದು ನನಗೆ ನಾನೇ ಹೇಳಿಕೊಂಡೆ. ಡಿಸೆಂಬರಿನಲ್ಲಿ ಉಳಿದ ಮೂರರ ಬಗ್ಗೆ ಬರೆದದ್ದು ಹೆದರಿಕೆಯಿಂದ. ಅದನ್ನು ಓದಿ ನೀನು ನನ್ನನ್ನು ಹೊಗಳಿದೆಯಲ್ಲ, ಆ ದಿನ ಅನ್ನ ಇಳಿಯಲಿಲ್ಲ.

ನವೆಂಬರಿನಲ್ಲಿ ಆಸ್ಪತ್ರೆಗೆ ಬಂದಿದ್ದೆ. ವಾರ್ಡಿನ ಬಾಗಿಲ ತನಕ. ಅವಳು ಕತ್ತಿಗೆ ಪಟ್ಟಿ ಹಾಕಿಕೊಂಡು ಆ ಕಡೆ ಮಗ್ಗುಲಾಗಿದ್ದಳು. ಪುಷ್ಪಾವತಿ ತಲೆ ಬಾಚುತ್ತಿದ್ದಳು. ಒಳಗೆ ಬಂದರೆ ಸೆರಗು ಸರಿದು ನನ್ನ ಕತ್ತು ಕಂಡೀತು ಎಂದು ಅಲ್ಲಿಂದಲೇ ಹಿಂದೆ ಹೋದೆ.

ಈಗ ನಡೆದದ್ದು ಹೇಳುತ್ತೇನೆ. ಶರ್ಮಿಳಾ ನಿಮ್ಮಲ್ಲಿಂದ ಬಂದವಳು ನನ್ನ ಜೊತೆ ಮಾತು ಬಿಟ್ಟಳು. ತಾನೇ ಹೋಗಿ ರಕ್ತ ಕೊಟ್ಟಳು. ಅವಳದು ಸರಿಯಾಗಿದೆ, ವಸಂತ. ಕ್ಯಾಲ್ಸಿಯಂ, ಹಾರ್ಮೋನು, ಎರಡೂ. ವರ್ಷಕ್ಕೊಮ್ಮೆ ನೋಡುತ್ತಿರಬೇಕು, ಅಷ್ಟೇ. ಯಾವುದನ್ನು ಮುಚ್ಚಿಡಲು ಇಷ್ಟೆಲ್ಲ ಮಾಡಿದೆನೋ ಅದು ಅವಳಲ್ಲಿ ಇರಲೇ ಇಲ್ಲ. ಮದುವೆ ಮುಗಿಯಲಿ ಎಂದು ಅವಳನ್ನು ತಡೆದವಳೂ ನಾನೇ. ಮೇ ತಿಂಗಳಲ್ಲೇ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು.

ಮೊನ್ನೆ ಠಾಣೆಗೆ ಹೋಗಿ ಸುಜನನ ತಾಯಿಗೆ ಎಲ್ಲವನ್ನೂ ಹೇಳಿದೆ. ಪ್ರಣೀತಾಳ ಎರಡು ಆಪರೇಷನ್ನಿನ ವಿಷಯವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಕಾಯಿಲೆ ಯಾರಿಗೆ ಬರುದಿಲ್ಲ? ಮೊದಲೇ ಹೇಳಿದ್ರೆ ನಾನು ಒಂದು ಮಾತು ಆಡ್ತಿರ್ಲಿಲ್ಲ" ಎಂದರು. ನಾನು ಏಳುವಾಗ, "ಸ್ವಂತ ತಮ್ಮನ ಮಗಳಿಗೇ ಹೀಗೆ ಮಾಡಿದವರು ನಮಗೆ ಇನ್ನೆಂತೆಲ್ಲ ಮುಚ್ಚಿಟ್ಟಿದ್ದೀರಿ ಅಂತ ನಾನು ಹೇಗೆ ತಿಳಿಯುದು?" ಎಂದು ಕೇಳಿದರು. ಮದುವೆ ಮುಂದೆ ಹೋಗಿದೆ. ಯಾವಾಗ ಎಂದು ಹೇಳಿಲ್ಲ. ಸುಜನ್ ಶರ್ಮಿಳಾಳ ಜೊತೆ ಫೋನಿನಲ್ಲಿ ಮಾತಾಡುತ್ತಾನೆ, ಅದೊಂದು ಸಮಾಧಾನ.

ಆಪರೇಷನ್ನಿನ ದಿನ ಬರಲು ನನಗೆ ಮುಖವಿಲ್ಲ. ನನ್ನ ರಿಪೋರ್ಟುಗಳನ್ನೆಲ್ಲ ಶರ್ಮಿಳಾಳ ಕೈಯಲ್ಲಿ ಕಳುಹಿಸಿದ್ದೇನೆ. ಡಾಕ್ಟರರಿಗೆ ಕೊಡು.

ಲೋಲಾಕ್ಷಿ

*

ಡೊಂಬಿವಲಿ
೨೫ ಮೇ ೨೦೦೮

ಅಕ್ಕ,

ಎರಡು ತಿಂಗಳು ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ.

ಆಪರೇಷನ್ ದೀರ್ಘವಾಯಿತು. ಉಳಿದ ಮೂರೂ ಕೊಬ್ಬಿದ್ದವು. ಎರಡೂವರೆ ತೆಗೆದು ಅರ್ಧ ಬಿಟ್ಟರು. ಸ್ವರ ಕೆಲವು ವಾರ ಕುಗ್ಗಿತ್ತು, ಈಗ ಬಂದಿದೆ, ಸ್ವಲ್ಪ ಒರಟು. ಎರಡು ತಿಂಗಳಲ್ಲಿ ಕ್ಯಾಲ್ಸಿಯಂ ಒಮ್ಮೆಯೂ ಏರಲಿಲ್ಲ. ಈಗ ಅವಳಿಗೆ ನಿಜವಾಗಿಯೂ ಕ್ಯಾಲ್ಸಿಯಂ ಮಾತ್ರೆ ಕೊಡಬೇಕು. ಡಬ್ಬಿ ಕೈಗೆ ತೆಗೆದುಕೊಂಡಾಗಲೆಲ್ಲ ಪುಷ್ಪಾ ಚೀಟಿಯನ್ನು ಮತ್ತೊಮ್ಮೆ ಓದುತ್ತಾಳೆ. ಎಲುಬು ತುಂಬಿಕೊಳ್ಳಲು ವರ್ಷ ಬೇಕು. ಕಲ್ಲಿನಿಂದ ಮೂತ್ರಪಿಂಡಕ್ಕಾದ ಏಟು ಎಷ್ಟು ಉಳಿಯುತ್ತದೆ ಎಂದು ಹೇಳಲಾಗದು. ಹತ್ತನೆಯದಕ್ಕೆ ಮುಂದಿನ ಮಾರ್ಚಿನಲ್ಲಿ ಕೂರುತ್ತಾಳೆ. ಬೇರೆ ಶಾಲೆಯಿಂದ.

ಹೊಡೆದದ್ದಕ್ಕೆ ಅವಳ ಎದುರು ಕುಳಿತು ತಪ್ಪಾಯಿತು ಎಂದೆ. "ಹೋ, ಪಪ್ಪಾ" ಎಂದು ಮರಾಠಿಯಲ್ಲೇ ಹೂಂಗುಟ್ಟಿ ಟಿವಿ ನೋಡಿದಳು. ಅದರ ಅರ್ಥ ಏನೆಂದು ಇನ್ನೂ ಗೊತ್ತಾಗಿಲ್ಲ.

ನಾನು ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಿನ್ನ ವಿಷಯ ಅವಳಿಗೆ ನಾವು ಹೇಳಿರಲಿಲ್ಲ, ಎರಡನೆಯ ಆಪರೇಷನ್ ಯಾಕೆ ಎಂದೂ ಬಿಡಿಸಿ ಹೇಳಲಿಲ್ಲ. ಮೊನ್ನೆ ಅವಳಾಗಿಯೇ ಕೇಳಿದಳು, "ಪಪ್ಪಾ, ಅತ್ತೆಗೆ ನಾನು ಗಲೀಜು ಅನ್ಸುತ್ತಾ?" ಎಂತ ಕೇಳುತ್ತೀ ಎಂದೆ. ಜೂನಿನಲ್ಲಿ ಅವಳನ್ನು ಕಾಮೋಠೆಗೆ ಕಳುಹಿಸುವ ಮಾತು ಆದದ್ದು ಅವಳಿಗೆ ಗೊತ್ತಿತ್ತು. ನೀನು ಬೇಡ ಎಂದದ್ದೂ ಗೊತ್ತಿತ್ತು. ಶಾಲೆಯಲ್ಲಿ ಆದದ್ದನ್ನು ಪಪ್ಪಾ ಅತ್ತೆಗೆ ಹೇಳಿದ್ದಾರೆ, ಹಾಸಿಗೆ ಹಾಳು ಮಾಡುತ್ತಾಳೆ ಎಂದು ಅತ್ತೆ ಸೇರಿಸಲಿಲ್ಲ, ಆಸ್ಪತ್ರೆಗೂ ಅದಕ್ಕೇ ಬರಲಿಲ್ಲ. ಒಂದು ವರ್ಷ ಅವಳು ಹಾಗೆ ತಿಳಿದುಕೊಂಡು ಮಲಗಿದ್ದಾಳೆ, ಅಕ್ಕ.

ಹಾಗಲ್ಲ ಎಂದೆ. ನಂಬಲಿಲ್ಲ. ನಾನು ಹೇಳಿದರೆ ಅವಳು ನಂಬುವುದು ಕಡಿಮೆ, ಅದು ನನ್ನದೇ ಗಳಿಕೆ. ನೀನೇ ಬಂದು ಹೇಳಬೇಕು. ಮುಂದಿನ ಭಾನುವಾರ ನನಗೆ ಡ್ಯೂಟಿ ಇದೆ. ಬದಲಿಸಿಕೊಳ್ಳಬಹುದು, ಬದಲಿಸುವುದಿಲ್ಲ. ನಾನಿದ್ದರೆ ಮಾತು ನಮ್ಮಿಬ್ಬರದಾಗುತ್ತದೆ. ಪುಷ್ಪಾ ಬಾಗಿಲು ತೆಗೆಯುತ್ತಾಳೆ. ಮಾತಾಡಲಿಕ್ಕಿಲ್ಲ.

ವಸಂತ

*

ಕಾಮೋಠೆ
೨ ಜೂನ್ ೨೦೦೮

ವಸಂತ,

ನಿನ್ನೆ ಹೋಗಿದ್ದೆ. ಪುಷ್ಪಾವತಿ ಹೇಳಿರಬಹುದು, ಹೇಳದೆಯೂ ಇರಬಹುದು. ಅವಳು ಬಾಗಿಲು ತೆಗೆದು ಅಡಿಗೆಮನೆಗೆ ಹೋದಳು. ನಾನಿರುವ ತನಕ ಹೊರಗೆ ಬರಲಿಲ್ಲ. ಸರಿಯೇ.

ಪ್ರಣೀತಾ ಕಿಟಕಿಯ ಹತ್ತಿರ ಕುಳಿತಿದ್ದಳು. ನನ್ನನ್ನು ಕಂಡವಳೇ ದುಪ್ಪಟ್ಟಾ ಕತ್ತಿಗೆ ಎಳೆದುಕೊಂಡು, ತಾನು ಕುಳಿತಿದ್ದ ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿದಳು, ಒಣಗಿದೆಯೇ ಎಂದು. ನನಗೆ ಕಾಣದ ಹಾಗೆ ಮಾಡಿದೆ ಎಂದುಕೊಂಡಿದ್ದಳು. ಅದನ್ನು ನೋಡಿದ ಮೇಲೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಯಾವುವೂ ಬರಲಿಲ್ಲ.

ಎಲ್ಲ ಹೇಳಿದೆ. ಕೊಲ್ಲೂರು ಸುಳ್ಳು, ವಾಶಿ ನಿಜ. ನೀನು ಕೇಳಿದಾಗ ಇಲ್ಲ ಎಂದು ಬರೆದದ್ದು ನಾನು. ಎರಡನೆಯ ಸಲ ಕೊಯ್ಯಬೇಕಾಗಿ ಬಂದದ್ದು ಅದರಿಂದ. ಶಾಲೆಯಲ್ಲಿ ಆದದ್ದು ನನಗೆ ಒಂದು ದಿನವೂ ಗಲೀಜು ಅನಿಸಿದ್ದಿಲ್ಲ ಎಂದೆ. ನಾನು ಮುಗಿಸಿದ ಮೇಲೆ ಕೇಳಿದಳು, "ಮತ್ಲಬ್, ಅಂದ್ರೆ, ನನ್ನಿಂದ ಅಲ್ಲ?"

"ನಿನ್ನಿಂದ ಅಲ್ಲ ಮಗಾ. ನನ್ನಿಂದ."

ಕತ್ತಿನ ದುಪ್ಪಟ್ಟಾ ಸ್ವಲ್ಪ ಸಡಿಲ ಮಾಡಿದಳು. ಆಮೇಲೆ, "ಎರಡ್ನೇ ಸಲ ಒಳಗೆ ತಗೊಂಡು ಹೋಗುವಾಗ ನನಗೆ ತುಂಬ ಹೆದರಿಕೆ ಆಗಿತ್ತು, ಅತ್ತೆ. ನಾನು ಯಾರಿಗೂ ಹೇಳ್ಲಿಲ್ಲ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವಾಗ, ಇನ್ನು ರಕ್ತ ಕೊಡಲು ಹೋಗುವ ದಿನ ನಾನೂ ಜೊತೆಗೆ ಬರಲೇ, ನನ್ನದೂ ನೋಡಿಸಬೇಕು, ಇಬ್ಬರೂ ಒಟ್ಟಿಗೆ ಕೊಡಬಹುದು ಎಂದು ಕೇಳಿದೆ. "ಮಮ್ಮಿಗೆ ಕೇಳ್ಬೇಕು" ಎಂದಳು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ನೀನು ಪುಷ್ಪಾವತಿಯನ್ನು ಕೇಳಿ ನೋಡು. ಒತ್ತಾಯ ಮಾಡಬೇಡ. ಆಗುವುದಿಲ್ಲ ಎಂದರೆ ಅದನ್ನೂ ಮರೆಮಾಚದೆ ಹಾಗೇ ಬರೆ.

ಲೋಲಾಕ್ಷಿ